ಕಳಿಸಿದಂತೆಯೇ ಲೆಕ್ಕ



ದತ್ತಿ ಉಪನ್ಯಾಸ ನಡೆಯುವುದು ಠೇವಣಿಯ ಬಡ್ಡಿಯ ಮೇಲೆ. ಅಸಲು ಮುಟ್ಟುವ ಹಾಗಿಲ್ಲ. ಬಂದ ಬಡ್ಡಿಯಲ್ಲಿ ಹಾರ, ಚಹಾ, ಕರಪತ್ರ ಎಲ್ಲವೂ ಆಗಬೇಕು. ಬಡ್ಡಿಯ ದರ ಇಳಿದ ವರ್ಷ ಚಹಾದ ಜೊತೆಗಿನ ಮಿರ್ಚಿ ಮಾಯವಾಗುತ್ತದೆ, ಉಪನ್ಯಾಸಕ ಮಾತ್ರ ಉಳಿಯುತ್ತಾನೆ. ಹಾಗಾಗಿ ಸಾಹಿತ್ಯದ ಮಾತು ಕೇಳಿ ರೂಢಿಯಾದ ಈ ವೇದಿಕೆಯಲ್ಲಿ ರೊಕ್ಕದ ಮಾತು ಎತ್ತಿದರೆ ತೀರ ಅಸಂಗತವಾಗಲಾರದು.

ನಾನು ಹೇಳಹೊರಟಿರುವುದು ಮ್ಯೂಚುವಲ್ ಫಂಡುಗಳ ಬಗ್ಗೆ. ಹಾಕಿ ಎಂದೋ ಬೇಡ ಎಂದೋ ಹೇಳಲು ಬಂದವನಲ್ಲ, ಅದಕ್ಕೆ ಬೇರೆಯವರಿದ್ದಾರೆ. ನಮ್ಮ ರೊಕ್ಕ ಇಟ್ಟುಕೊಂಡವರು ನಮಗೆ ಯಾವ ಮಾಹಿತಿಯನ್ನು ಕೈಗೆ ಮುಟ್ಟಿಸಬೇಕು, ಯಾವಾಗ ಮುಟ್ಟಿಸದೆ ಬಿಡಲು ಕಾನೂನು ಅವರಿಗೆ ವಿನಾಯಿತಿ ಕೊಟ್ಟಿದೆ, ಆ ವಿನಾಯಿತಿಯಿಂದ ನಮ್ಮಂಥ ಊರುಗಳಲ್ಲಿ ಏನಾಗಿದೆ ಎಂಬಷ್ಟೇ ನನ್ನ ವಿಷಯ. ಒಣ ವಿಷಯ ಅನ್ನಿಸಬಹುದು. ಆದರೆ 2024ರ ಅಕ್ಟೋಬರ್ ತಿಂಗಳೊಂದರಲ್ಲೇ ಎಸ್‌ಐಪಿ ಎಂಬ ತಿಂಗಳ ಕಂತುಗಳ ಮೂಲಕ ದೇಶದ ಜನ 25,000 ಕೋಟಿ ರೂಪಾಯಿಗೂ ಹೆಚ್ಚು ಹಾಕಿದ್ದಾರೆ. ಅದರಲ್ಲಿ ಹತ್ತಿ ಮಾರಿದ ರೊಕ್ಕವೂ ಇದೆ, ಮಾಸ್ತರರ ನಿವೃತ್ತಿಯ ಗಂಟೂ ಇದೆ.

ಕಾಗದಗಳ ಪರಿಚಯ ಮೊದಲು ಆಗಲಿ. ರೊಕ್ಕ ಹಾಕುವ ಮುನ್ನ ಅರ್ಜಿಯ ಜೊತೆಗೇ ಯೋಜನೆಯ ಮುಖ್ಯಾಂಶಗಳ ಹಾಳೆಗಳು ಇರಬೇಕು. ಏಜೆಂಟರು ಇದನ್ನು ‘ಕಿಮ್’ ಅನ್ನುತ್ತಾರೆ. ಇದರ ಹಿಂದೆ ‘ಎಸ್‌ಐಡಿ’ ಎಂಬ ದಪ್ಪ ದಸ್ತಾವೇಜು ಇರುತ್ತದೆ, ಅದು ವೆಬ್‌ಸೈಟಿನಲ್ಲಿ, ಕೇಳಿದರೆ ಕೈಗೆ. ರೊಕ್ಕ ಹಾಕಿದ ಮೇಲೆ ಖಾತೆಯ ವಿವರ, ನಮ್ಮ ಫಂಡು ಯಾವ ಯಾವ ಷೇರು, ಸಾಲಪತ್ರಗಳನ್ನು ಹಿಡಿದಿದೆ ಎಂಬ ಪಟ್ಟಿ, ವರ್ಷಕ್ಕೊಮ್ಮೆ ವಾರ್ಷಿಕ ವರದಿ. ನಡುವೆ ಯೋಜನೆಯ ಮೂಲ ಸ್ವರೂಪವೇ ಬದಲಾಗುವುದಾದರೆ ಒಬ್ಬೊಬ್ಬ ಯೂನಿಟ್‌ದಾರನಿಗೂ ಲಿಖಿತ ಸೂಚನೆ ಕೊಡಬೇಕು, ದಂಡವಿಲ್ಲದೆ ಹೊರಬೀಳಲು 30 ದಿನ ಬಿಡಬೇಕು. ವಿನಾಯಿತಿಗಳು ಬಹುಪಾಲು ನಡುವಿನ ಗುಂಪಿಗೆ, ಅಂದರೆ ರೊಕ್ಕ ಒಳಗೆ ಇರುವಷ್ಟು ಕಾಲ ಬರಬೇಕಾದ ಕಾಗದಗಳಿಗೆ ಸಿಕ್ಕಿವೆ. ಹಾಕುವ ಹೊತ್ತಿಗೂ ಒಂದು ಸಣ್ಣ ಸಡಿಲಿಕೆ ಇದೆ. ಎಸ್‌ಐಪಿಯ ಪ್ರತಿ ಕಂತೂ ಲೆಕ್ಕದಲ್ಲಿ ಹೊಸ ಖರೀದಿಯೇ, ಆದರೂ ಕಾಗದ ಕೊಡುವುದು ಶುರುವಿಗೊಮ್ಮೆ. ಮೊಬೈಲ್ ಆ್ಯಪಿನಲ್ಲಿ ಹಾಕಿದವರಿಗಂತೂ ಅದು ‘ಓದಿ ತಿಳಿದಿದ್ದೇನೆ’ ಎಂಬ ಸಾಲಿನ ಪಕ್ಕದ ಚೌಕದಲ್ಲಿ ಒಂದು ಟಿಕ್ಕು.

ನಮ್ಮ ದೇಶದಲ್ಲಿ ಇಂಥ ವಿನಾಯಿತಿಗಳ ಪೈಕಿ ಅತಿ ದೊಡ್ಡದನ್ನು ಯಾರೂ ಹಾಗೆಂದು ಕರೆಯಲೇ ಇಲ್ಲ. ಅದು ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆ. ಇಲ್ಲಿರುವ ಹಿರಿಯರಲ್ಲಿ ಕೆಲವರ ಟ್ರಂಕಿನಲ್ಲಿ ಅದರ ಸರ್ಟಿಫಿಕೇಟು ಈಗಲೂ ಇರಬಹುದು. 1963ರ ಕಾಯ್ದೆಯಿಂದ ಯೂನಿಟ್ ಟ್ರಸ್ಟ್ ಹುಟ್ಟಿತು, 1964ರಲ್ಲಿ ಈ ಯೋಜನೆ ಬಂತು. ಜುಲೈ ತಿಂಗಳಲ್ಲಿ ಯೂನಿಟ್ ಅಗ್ಗ, ಆಮೇಲೆ ತಿಂಗಳು ತಿಂಗಳಿಗೆ ಏರಿಕೆ, ವರ್ಷದ ಕೊನೆಗೆ ಡಿವಿಡೆಂಡ್. ಸರ್ಕಾರದ್ದೇ ಅಲ್ಲವೇ ಎಂಬ ಧೈರ್ಯ. ಬಂಡವಾಳ ಮಾರುಕಟ್ಟೆಯ ನಿಯಂತ್ರಕ ಸೆಬಿಗೆ 1992ರಲ್ಲಿ ಕಾಯ್ದೆಯ ಬಲ ಬಂತು, ಮ್ಯೂಚುವಲ್ ಫಂಡುಗಳಿಗೆ 1993ರಲ್ಲಿ, ಮತ್ತೆ 1996ರಲ್ಲಿ ನಿಯಮಾವಳಿ ಬಂತು. ಯೂನಿಟ್ ಟ್ರಸ್ಟಿನ 1994ರ ನಂತರದ ಯೋಜನೆಗಳು ಆ ನಿಯಮದ ಕೆಳಗೆ ಬಂದವು. ಯುಎಸ್-64 ಮಾತ್ರ ತನ್ನ ಹಳೆಯ ಕಾಯ್ದೆಯ ನೆರಳಲ್ಲೇ ಉಳಿಯಿತು. ಯೂನಿಟ್ಟಿನ ಹಿಂದೆ ನಿಜವಾಗಿ ಎಷ್ಟು ಬೆಲೆಯ ಆಸ್ತಿ ಇದೆ ಎಂಬ ಲೆಕ್ಕಕ್ಕೆ ಎನ್‌ಎವಿ ಅನ್ನುತ್ತೇವಲ್ಲ, ಅದನ್ನು ಟ್ರಸ್ಟು ಹೊರಗೆ ಹೇಳುತ್ತಿರಲಿಲ್ಲ. ಮಾರುವ ಬೆಲೆ, ಕೊಳ್ಳುವ ಬೆಲೆ ಎರಡನ್ನೂ ಟ್ರಸ್ಟೇ ನಿಗದಿ ಮಾಡುತ್ತಿತ್ತು.

1998ರ ಅಕ್ಟೋಬರ್‌ನಲ್ಲಿ ಮೀಸಲು ನಿಧಿಯೇ ಬರಿದಾಗಿ ಋಣಕ್ಕೆ ಇಳಿದಿರುವುದು ಹೊರಬಿತ್ತು. ದೀಪಕ್ ಪಾರೇಖ್ ಸಮಿತಿ ಬಂತು, ಎನ್‌ಎವಿಗೆ ಹೊಂದಿದ ಬೆಲೆಯ ಕಡೆಗೆ ಸರಿಯಿರಿ ಎಂದಿತು. ಸರಿಯುವ ಅವಸರವನ್ನು ಯಾರೂ ತೋರಲಿಲ್ಲ. 2001ರ ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಸಾವಿರ ಕೋಟಿಗೂ ಹೆಚ್ಚು ರೊಕ್ಕ ಹೊರಗೆ ಹೋಯಿತು, ಬಹುಪಾಲು ದೊಡ್ಡ ಕಂಪನಿಗಳದು. ಜುಲೈ 2ರಂದು ಬಾಗಿಲು ಹಾಕಿದರು: ಆರು ತಿಂಗಳು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಬಾಗಿಲ ಒಳಗೆ ಉಳಿದ ಯೂನಿಟ್‌ದಾರರ ಸಂಖ್ಯೆ ಎರಡು ಕೋಟಿಯ ಸುತ್ತಮುತ್ತ. ಎನ್‌ಎವಿ ಬಹಿರಂಗವಾದಾಗ ಅದು ಹತ್ತು ರೂಪಾಯಿಯ ಮುಖಬೆಲೆಗೆ ಆರು ರೂಪಾಯಿಯ ಆಸುಪಾಸಿನಲ್ಲಿತ್ತು. ಸಣ್ಣವರಿಗೆಂದು ಟ್ರಸ್ಟು 3,000 ಯೂನಿಟ್‌ಗಳವರೆಗೆ ಹತ್ತು ರೂಪಾಯಿಯಿಂದ ಶುರುಮಾಡಿ, ತಿಂಗಳಿಗೆ ಹತ್ತು ಪೈಸೆ ಏರಿಸುತ್ತ, 2003ರ ಮೇ ಹೊತ್ತಿಗೆ ಹನ್ನೆರಡು ರೂಪಾಯಿ ಕೊಡುವ ವ್ಯವಸ್ಥೆ ಮಾಡಿತು. ಉಳಿದದ್ದು ಬಾಂಡುಗಳಾಗಿ 2008ರಲ್ಲಿ ತೀರಿತು.

ಈ ಕಥೆಯಲ್ಲಿ ನನಗೆ ಮುಖ್ಯವಾದದ್ದು ನಷ್ಟದ ಮೊತ್ತಕ್ಕಿಂತ ಹೊರಹೋದವರ ಸರದಿ. ಲೆಕ್ಕ ಹೇಳಬೇಕಿಲ್ಲ ಎಂಬ ವಿನಾಯಿತಿ ಎಲ್ಲ ಯೂನಿಟ್‌ದಾರರಿಗೂ ಒಂದೇ ಆಗಿತ್ತು. ಆದರೂ ಕಂಪನಿಗಳ ಲೆಕ್ಕಿಗರು ಒಳಗಿನ ಸ್ಥಿತಿಯನ್ನು ಅಂದಾಜು ಮಾಡಿದರು, ಶಿರಹಟ್ಟಿಯ ನಿವೃತ್ತ ತಲಾಟಿಗೆ ಅಂದಾಜು ಮಾಡಲು ಏನೂ ಇರಲಿಲ್ಲ. ಮಾಹಿತಿ ಕಳಿಸುವ ಹೊಣೆ ತಪ್ಪಿದಾಗ ಹೊರೆ ಯಾರ ತಲೆಗೆ ಬೀಳುತ್ತದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಈಚಿನ ಕಾಲಕ್ಕೆ ಬರೋಣ. 2018ರ ಜೂನ್ 5ರಂದು ಸೆಬಿ ‘ಗೋ ಗ್ರೀನ್’ ಹೆಸರಿನ ಸುತ್ತೋಲೆ ಹೊರಡಿಸಿತು. ಫಂಡಿನ ಪಟ್ಟಿ ತಿಂಗಳು ಮುಗಿದ ಹತ್ತು ದಿನದೊಳಗೆ ವೆಬ್‌ಸೈಟಿಗೆ ಹೋಗಬೇಕು, ಇ-ಮೇಲ್ ಕೊಟ್ಟವರಿಗೆ ಇ-ಮೇಲಿನಲ್ಲಿ ಬರಬೇಕು. ವಾರ್ಷಿಕ ವರದಿಗೂ ಇದೇ ದಾರಿ. ಇ-ಮೇಲ್ ಇಲ್ಲದವರು ಕಾಗದದಲ್ಲೇ ಬೇಕು ಎಂದು ತಾವಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಮುದ್ರಿತ ಪ್ರತಿ. ಕಂಪನಿಗಳು ಹಳಬರನ್ನು ಹಾಗೆ ಕೇಳಬೇಕು, ಉತ್ತರ ಬರದಿದ್ದರೆ ಇನ್ನೊಂದು ಸುತ್ತು ಕೇಳಬೇಕು. ಆಗಲೂ ಉತ್ತರ ಇಲ್ಲದಿದ್ದರೆ ಬೇಡ ಎಂದೇ ಅರ್ಥ. 2024ರ ಆಗಸ್ಟ್‌ನಿಂದ ಎಲ್ಲ ಫಂಡುಗಳ ಒಟ್ಟು ಖಾತೆ ವಿವರ ಕಳಿಸಲು ಕೂಡ ಇ-ಮೇಲೇ ಮೊದಲ ದಾರಿಯಾಯಿತು. ಷೇರು ಕಂಪನಿಗಳ ಕಡೆಗೂ ಇದೇ ಗಾಳಿ. ಕೋವಿಡ್ಡಿನ 2020ರಲ್ಲಿ ವಾರ್ಷಿಕ ವರದಿಯ ಮುದ್ರಿತ ಪ್ರತಿಗೆ ಸಿಕ್ಕ ತಾತ್ಕಾಲಿಕ ವಿನಾಯಿತಿ ವರ್ಷದಿಂದ ವರ್ಷಕ್ಕೆ ಮುಂದುವರಿದು, 2024ರ ಡಿಸೆಂಬರ್ ಹೊತ್ತಿಗೆ ವರದಿಯ ಬದಲು ವೆಬ್ ವಿಳಾಸವಿರುವ ಒಂದು ಪತ್ರ ಸಾಕು ಎಂಬ ಕಾಯಂ ನಿಯಮವಾಯಿತು.

ಮುದ್ರಣಾಲಯಗಳ ಊರಾದ ಗದಗಿನಲ್ಲಿ ನಿಂತು ಕಾಗದ ಉಳಿಸುವುದನ್ನು ಹೊಗಳಿದರೆ ಕೆಲವರ ಮುಖ ಸಣ್ಣದಾಗುತ್ತದೆ ಎಂದು ಬಲ್ಲೆ. ಆದರೂ ಹೇಳಬೇಕು, ಈ ಸುತ್ತೋಲೆಯ ಹಿಂದಿನ ಲೆಕ್ಕ ಸುಳ್ಳಲ್ಲ. ಅಂಚೆಯ ಖರ್ಚು ಕಂಪನಿಯ ಜೇಬಿನದಲ್ಲ, ಫಂಡಿನದು, ಅಂದರೆ ನಮ್ಮದು. ತಿಂಗಳಿಗೆ ಐನೂರು ಹಾಕುವವನಿಗೆ ಇಂಗ್ಲಿಷಿನ ದಪ್ಪ ಪುಸ್ತಕ ಕಳಿಸಿದರೆ ಅದು ಹೋಗುವುದು ರದ್ದಿಗೆ, ಖರ್ಚು ಮಾತ್ರ ಅವನ ತಲೆಗೆ. ಹಿಂದೆ ಅಂಚೆಯಲ್ಲಿ ಬಂದ ಸಂಕ್ಷಿಪ್ತ ವರದಿಗಳನ್ನು ನಮ್ಮಲ್ಲಿ ಎಷ್ಟು ಜನ ಲಕೋಟೆ ಒಡೆದು ಓದಿದ್ದೇವೆ? ವಿನಾಯಿತಿ ತಪ್ಪೆಂದು ನಾನು ಹೇಳುವುದಿಲ್ಲ. ಅದು ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು ಎಂಬುದು ನನ್ನ ತಕರಾರು.

ಅದೇ ಸುತ್ತೋಲೆ ಹೇಳುತ್ತದೆ: ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿದ್ದೇವೆ, ಮುದ್ರಿತ ಪ್ರತಿ ಬೇಕಾದವರು ಹೀಗೆ ಕೇಳಿ ಎಂದು ಆರು ತಿಂಗಳಿಗೊಮ್ಮೆ ಎರಡು ದಿನಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಒಂದು ಇಂಗ್ಲಿಷಿನದು, ಒಂದು ಹಿಂದಿಯದು. ಅರ್ಧವಾರ್ಷಿಕ ಹಣಕಾಸು ಫಲಿತಾಂಶದ ಬಗ್ಗೆ 2012ರ ತಿದ್ದುಪಡಿಯ ಮಾತು ಇನ್ನೂ ಸ್ವಾರಸ್ಯದ್ದು: ಒಂದು ಜಾಹೀರಾತು ಇಂಗ್ಲಿಷಿನಲ್ಲಿ, ಇನ್ನೊಂದು ಕಂಪನಿಯ ಪ್ರಧಾನ ಕಚೇರಿ ಇರುವ ಪ್ರದೇಶದ ಭಾಷೆಯಲ್ಲಿ. ಫಂಡು ಕಂಪನಿಗಳಲ್ಲಿ ಹೆಚ್ಚಿನವು ಮುಂಬಯಿಯವು, ಹಾಗಾಗಿ ಜಾಹೀರಾತು ಮರಾಠಿಯದು. 1956ಕ್ಕೆ ಮೊದಲು ಗದಗ, ಮುಂಡರಗಿ ಮುಂಬಯಿ ಆಡಳಿತದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಕಚೇರಿಯ ಕಾಗದ ಮರಾಠಿಯಲ್ಲಿ ಬಂದು, ಅದನ್ನು ಓದಿಸಲು ಯಾರನ್ನೋ ಹುಡುಕಿಕೊಂಡು ಹೋಗುವ ಕಷ್ಟ ನಮ್ಮ ಅಜ್ಜಂದಿರಿಗೆ ಹೊಸದಲ್ಲ. ಏಕೀಕರಣವಾಗಿ ಇಷ್ಟು ವರ್ಷದ ಮೇಲೆ ನಮ್ಮ ಉಳಿತಾಯದ ಸುದ್ದಿ ಮತ್ತೆ ಅದೇ ಹಾದಿ ಹಿಡಿದಿದೆ. ಮುಂಬಯಿಯ ಮರಾಠಿ ಓದುಗರಿಗೆ ಅವರ ಭಾಷೆಯಲ್ಲಿ ಸಿಗುವುದು ನ್ಯಾಯವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಭಾಷೆಯನ್ನು ಕಂಪನಿಯ ವಿಳಾಸ ನೋಡಿ ಆರಿಸುವುದೋ, ರೊಕ್ಕ ಹಾಕಿದವರ ವಿಳಾಸ ನೋಡಿ ಆರಿಸುವುದೋ? ಹಾಕಿಸಿಕೊಳ್ಳುವಾಗ ‘ಮ್ಯೂಚುವಲ್ ಫಂಡ್ ಸಹೀ ಹೈ’ ಎಂಬ ಜಾಹೀರಾತನ್ನು ಕನ್ನಡದಲ್ಲೂ ಹೇಳಲು ಬಂದವರಿಗೆ ಲೆಕ್ಕವನ್ನೂ ಕನ್ನಡದಲ್ಲಿ ಹೇಳಲು ಬರಬೇಕು.

ಲಕ್ಷ್ಮೇಶ್ವರದವರು ಇಲ್ಲಿರುವುದರಿಂದ ಒಂದು ಮಾತು. ಎಂಟನೆಯ ಶತಮಾನದಲ್ಲಿ, ಪುಲಿಗೆರೆಯಾಗಿದ್ದ ನಿಮ್ಮ ಊರಿಗೆ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಒಂದು ಆಚಾರವ್ಯವಸ್ಥೆ ಮಾಡಿಕೊಟ್ಟ. ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು ಅರಸನ ಅಧಿಕಾರಿಗಳಿಗೆ ಏನು ಸಲ್ಲಿಸಬೇಕು, ಅಧಿಕಾರಿಗಳು ಇವರ ಯಾವ ಹಕ್ಕನ್ನು ಕಾಯಬೇಕು ಎಂಬುದನ್ನು ಕನ್ನಡದಲ್ಲೇ ಕಲ್ಲಿಗೆ ಕೊರೆಸಿದ. ಮನೆಮನೆಗೆ ಓಲೆ ಕಳಿಸಿದ್ದಲ್ಲ, ನಿಲ್ಲಿಸಿದ ಶಾಸನ ಅದು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅವನೂ ‘ಹೋಸ್ಟ್’ ಮಾಡಿದ, ‘ಡೆಲಿವರಿ’ ಮಾಡಲಿಲ್ಲ. ಆದರೆ ಊರವರು ಓಡಾಡುವ ಊರಿನಲ್ಲೇ, ಊರಿನ ಮಾತಿನಲ್ಲೇ ಅದನ್ನು ನೆಟ್ಟ. ವೆಬ್‌ಸೈಟು ಇರುವುದು ಯಾವ ಓಣಿಯಲ್ಲಿ ಎಂಬುದೇ ತೊಡಕು. ಬೆಂಗಳೂರಿನ ಇಪ್ಪತ್ತೈದರ ಹುಡುಗಿ ದಿನಕ್ಕೆ ಹತ್ತು ಸಲ ಆ ಓಣಿಯಲ್ಲಿ ಹಾಯುತ್ತಾಳೆ, ಅವಳಿಗೆ ವಿನಾಯಿತಿಯಿಂದ ಒಳ್ಳೆಯದೇ ಆಗಿದೆ. ಡಂಬಳದ ರೈತ ಆ ಕಡೆ ಹೋಗುವುದಿಲ್ಲ.

ಕೂಡಿ ಹಾಕಿದ ರೊಕ್ಕದ ಲೆಕ್ಕವನ್ನು ಮುಖಾಮುಖಿ ಹೇಳುವ ಪದ್ಧತಿಯೂ ನಮ್ಮ ತಾಲ್ಲೂಕಿನಲ್ಲಿ ಹಳೆಯದು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರ ಮೇ 8ರಂದು, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಈ ಸಹಕಾರ ಸಂಪ್ರದಾಯದಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ಕೂಡುತ್ತದೆ. ವರದಿ ವಾಚನ, ಜಮಾ-ಖರ್ಚು, ಅಢಾವೆ ಪತ್ರಿಕೆ, ಲಾಭ ಹಂಚಿಕೆಯ ಠರಾವು. ಓದು ಬಾರದ ಸದಸ್ಯ ಎದ್ದು ನಿಂತು, ‘ಸೆಕ್ರೆಟರಿ ಸಾಹೇಬ್ರ, ಹೋದ ವರ್ಷದ ಬಾಕಿ ಏನಾತು ಹೇಳ್ರಿ’ ಅನ್ನಬಹುದು. ಇದನ್ನು ಬಣ್ಣಿಸಿ ದೊಡ್ಡದು ಮಾಡಬೇಕಿಲ್ಲ. ಅಢಾವೆ ಓದಿ, ಚಪ್ಪಾಳೆ ಹೊಡೆಸಿ, ಊಟ ಹಾಕಿ, ಎರಡು ವರ್ಷದಲ್ಲಿ ಬಾಗಿಲು ಮುಚ್ಚಿದ ಸೊಸೈಟಿಗಳೂ ನಮ್ಮ ನಾಡಿನಲ್ಲಿವೆ. ಲೆಕ್ಕ ಕಿವಿಗೆ ಬಿದ್ದ ಮಾತ್ರಕ್ಕೆ ರೊಕ್ಕ ಉಳಿಯುತ್ತದೆ ಎಂದೇನಿಲ್ಲ. ಆದರೆ ಅಲ್ಲಿ ಯಾವ ಸದಸ್ಯನೂ ನನಗೆ ಹೇಳಲೇ ಇಲ್ಲ ಅನ್ನುವಂತಿಲ್ಲ, ಯಾವ ಸೆಕ್ರೆಟರಿಯೂ ನೀನು ನೋಡಬೇಕಿತ್ತು ಅನ್ನುವಂತಿಲ್ಲ.

ಹೊರದೇಶಗಳ ಸಂಗತಿ ಚುಟುಕಾಗಿ ಹೇಳಿಬಿಡುತ್ತೇನೆ. ಕೆನಡಾದಲ್ಲಿ ‘ಫಂಡ್ ಫ್ಯಾಕ್ಟ್ಸ್’ ಎಂಬ ಒಂದೆರಡು ಹಾಳೆಯ ಕಾಗದವನ್ನು 2016ರ ಮೇ 30ರಿಂದ ಖರೀದಿಗೆ ಮುಂಚೆಯೇ ಕೈಗೆ ಕೊಡಬೇಕು. ತಿಂಗಳ ಕಂತುಗಳಿಗೆ ಅಲ್ಲೂ ವಿನಾಯಿತಿ ಇದೆ, ಆದರೆ ಬೇಕಾದಾಗ ಕೇಳಿ ಪಡೆಯಬಹುದು ಎಂಬುದನ್ನು ತಿಳಿಸಿದರೆ ಮಾತ್ರ. ಅಮೆರಿಕದ್ದು ಇನ್ನೂ ಕುತೂಹಲದ್ದು. ಅಲ್ಲಿನ ನಿಯಂತ್ರಕರು 2018ರಲ್ಲಿ, ಸೆಬಿಯ ಸುತ್ತೋಲೆಯ ದಿನದಂದೇ ಎನ್ನುವಷ್ಟು ಹತ್ತಿರದಲ್ಲಿ, ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಿ ಒಂದು ಚೀಟಿ ಕಳಿಸಿದರೆ ಸಾಕು ಎಂದರು. ನಾಲ್ಕು ವರ್ಷದ ಮೇಲೆ, 2022ರ ಅಕ್ಟೋಬರ್‌ನಲ್ಲಿ, ಅವರೇ ಹಿಂದೆ ಸರಿದರು. ದಪ್ಪ ವರದಿ ವೆಬ್‌ಸೈಟಿನಲ್ಲೇ ಇರಲಿ, ಮೂರು ನಾಲ್ಕು ಪುಟದ ಸರಳ ವರದಿಯನ್ನು ಮಾತ್ರ ಹೂಡಿಕೆದಾರನಿಗೇ ಕಳಿಸಿ ಎಂದರು. ನನಗೆ ಸರಿ ಕಾಣುವುದು ಈ ದಾರಿ. ವಿನಾಯಿತಿ ದಪ್ಪಕ್ಕೆ ಸಿಗಲಿ, ತಲುಪಿಸುವ ಹೊಣೆಗೆ ಸಿಗಬಾರದು. ಎರಡು ಪುಟ ಸಾಕು, ಎಷ್ಟು ಹಾಕಿದ್ದೀರಿ, ಈಗ ಎಷ್ಟಾಗಿದೆ, ನಾವು ಎಷ್ಟು ಖರ್ಚು ಹಿಡಿದೆವು, ಯಾವ ಹತ್ತು ಕಡೆ ರೊಕ್ಕ ಇದೆ, ಅಪಾಯದ ಮಟ್ಟ ಬದಲಾಗಿದೆಯೇ. ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಮಾರಿದವನಿಗೆ ತೂಕ, ದರ, ಹಮಾಲಿ ಬರೆದು ಕೊಡುವ ಪಟ್ಟಿಯಷ್ಟು ಚಿಕ್ಕದಿರಲಿ, ಅಷ್ಟೇ ನೇರವಾಗಿರಲಿ.

ತಿಳಿಸುವುದಕ್ಕೂ ಒಪ್ಪಿಗೆ ಕೇಳುವುದಕ್ಕೂ ಇರುವ ಅಂತರ ನಮ್ಮ ರಾಜ್ಯದ ಹೈಕೋರ್ಟಿನಲ್ಲೇ ತೀರ್ಮಾನವಾದದ್ದನ್ನು ಹೇಳದೆ ಈ ವಿಷಯ ಪೂರ್ತಿಯಾಗದು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಕಂಪನಿ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಘೋಷಿಸಿತು. ಸುಮಾರು ಮೂರು ಲಕ್ಷ ಜನರ ಇಪ್ಪತ್ತೈದು ಸಾವಿರ ಕೋಟಿ ರೂಪಾಯಿಯಷ್ಟು ಒಳಗೆ ಸಿಕ್ಕಿತು. ಟ್ರಸ್ಟಿಗಳ ವಾದ: ಮುಚ್ಚುವ ನಿರ್ಧಾರ ನಮ್ಮದು, ಕಾರಣ ಹೇಳಿ ಪತ್ರಿಕೆಯಲ್ಲಿ ನೋಟಿಸು ಕೊಟ್ಟರೆ ಆಯಿತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳು ಕೊನೆಗೆ ಬೆಂಗಳೂರಿಗೆ ಬಂದವು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಅಕ್ಟೋಬರ್ 24ರಂದು ಹೇಳಿತು: ಯೂನಿಟ್‌ದಾರರ ಒಪ್ಪಿಗೆ ಇಲ್ಲದೆ ಈ ನಿರ್ಧಾರ ಜಾರಿಗೆ ಬರುವಂತಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿಗೆ ಬೇಕೇಬೇಕು ಎಂದಿತು. ಆದರೆ ಹಾಜರಾಗಿ ಮತ ಹಾಕಿದವರಲ್ಲಿ ಬಹುಮತ ಸಾಕು ಎಂದೂ ಸೇರಿಸಿತು. ಮತದಾನ ನಡೆದದ್ದು 2020ರ ಡಿಸೆಂಬರ್ ಕೊನೆಯ ವಾರ, ಕಂಪ್ಯೂಟರಿನಲ್ಲಿ. ಬಹುಮತ ಮುಚ್ಚುವುದಕ್ಕೇ ಬಂತು, ರೊಕ್ಕ ಕಂತು ಕಂತಾಗಿ ವಾಪಸೂ ಬಂತು. ತೀರ್ಪು ನಮ್ಮ ಪರವಾದದ್ದೇ. ಆದರೆ ಇ-ಮೇಲ್ ತೆರೆಯದವನ ಪಾಲಿಗೆ ಆ ಹಕ್ಕು ಇದ್ದೂ ಇಲ್ಲದಂತಾಯಿತು, ಹಾಜರಿಲ್ಲದವರನ್ನು ಎಣಿಸುವವರಿಲ್ಲ.

ಇಲ್ಲಿಂದ ನಮ್ಮ ಊರುಗಳ ನಿಜವಾದ ತೊಡಕಿಗೆ ಬರುತ್ತೇನೆ. 2012ರಲ್ಲಿ ಸೆಬಿ ಸಣ್ಣ ಊರುಗಳನ್ನು ತಲುಪಬೇಕೆಂದು ಕೆಲವು ಕ್ರಮ ಕೈಗೊಂಡಿತು. ರೈತರು, ಸಣ್ಣ ವ್ಯಾಪಾರಿಗಳು, ಕೂಲಿಕಾರರು ಬ್ಯಾಂಕ್ ಖಾತೆಯ ಮೂಲಕವಲ್ಲದೆ ನಗದಿನಲ್ಲೂ ಹಾಕಬಹುದು, ಮೊದಲು ವರ್ಷಕ್ಕೆ 20,000 ರೂಪಾಯಿ, 2014ರಿಂದ 50,000. ಅಂಚೆ ಏಜೆಂಟರು, ಹತ್ತು ವರ್ಷ ಸೇವೆ ಮಾಡಿದ ನಿವೃತ್ತ ಶಿಕ್ಷಕರು, ಬ್ಯಾಂಕ್ ಅಧಿಕಾರಿಗಳು ಯೋಜನೆಗಳನ್ನು ಮಾರಬಹುದು. 2025ರಲ್ಲಿ 250 ರೂಪಾಯಿಯ ಎಸ್‌ಐಪಿಯೂ ಬಂತು. ಒಳಗೆ ಬರುವ ಬಾಗಿಲನ್ನು ಹೀಗೆ ಅಗಲ ಮಾಡಿದ್ದು ಒಳ್ಳೆಯದೇ. ಆದರೆ ಆ ಬಾಗಿಲಿನಿಂದ ಬಂದವರ ಅರ್ಜಿಯಲ್ಲಿ ‘ಇ-ಮೇಲ್’ ಎಂಬ ಜಾಗ ತುಂಬುವವರು ಯಾರು? ಬೆಂಗಳೂರಿನಲ್ಲಿರುವ ಮಗನದು, ಅಳಿಯನದು, ಪಕ್ಕದ ಝೆರಾಕ್ಸ್ ಅಂಗಡಿಯದು, ಕೆಲವೊಮ್ಮೆ ಏಜೆಂಟನದೇ. ಇದು ಹಾಕಿದವರದೇ ವಿಳಾಸವೋ, ಗಂಡ-ಹೆಂಡತಿ, ಅವಲಂಬಿತ ಮಕ್ಕಳು, ತಂದೆ-ತಾಯಿಯದೋ ಎಂದು ಘೋಷಿಸುವ ಸಾಲು ಅರ್ಜಿಯಲ್ಲಿದೆ. ಆ ಸಾಲಿಗೂ ಟಿಕ್ಕು ಹಾಕುವವನು ಅರ್ಜಿ ತುಂಬಿದವನೇ. ಅಲ್ಲಿಗೆ ಕಾನೂನಿನ ಲೆಕ್ಕದಲ್ಲಿ ಎಲ್ಲವೂ ಕಳಿಸಿದಂತಾಯಿತು, ಮುಟ್ಟಿದಂತಾಯಿತು. ಇ-ಮೇಲ್ ಇಲ್ಲ ಎಂದು ಜಾಗ ಖಾಲಿ ಬಿಟ್ಟವನಿಗೆ ಕಾಗದ ಬೇಕೇ ಎಂದಾದರೂ ಕೇಳಬೇಕಿತ್ತು, ಬೇರೆಯವರ ಇ-ಮೇಲ್ ಬರೆದವನಿಗೆ ಆ ಪ್ರಶ್ನೆಯೂ ಬರುವುದಿಲ್ಲ. ಮಗ ನೌಕರಿ ಬದಲಿಸಿದ, ಹಳೆಯ ಆಫೀಸಿನ ಇ-ಮೇಲ್ ಬಂದಾಯಿತು ಅಂದುಕೊಳ್ಳಿ. ಮುಂಡರಗಿಯ ತಾಯಿಗೆ ತನ್ನ ಫಂಡಿನ ಅಪಾಯದ ಮಟ್ಟ ಏರಿದ್ದು ಗೊತ್ತಾಗುವ ದಾರಿಯೇ ಮುಚ್ಚಿತು. ಅದೇ ದಾರಿಯಲ್ಲಿ ಬರುವ, ಸ್ವರೂಪ ಬದಲಾಗಿದೆ, 30 ದಿನದಲ್ಲಿ ಬೇಕಿದ್ದರೆ ಹೊರಬನ್ನಿ ಎಂಬ ಸೂಚನೆಯೂ ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಇಷ್ಟಕ್ಕೆ ನಿಯಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. 2018ರ ವಿನಾಯಿತಿಯ ಸುತ್ತೋಲೆಯೇ ಒಂದು ಕಿಟಕಿ ಬಿಟ್ಟಿದೆ, ಅದನ್ನು ತೆರೆದವರು ತೀರ ಕಡಿಮೆ ಅಷ್ಟೇ. ಎಸ್‌ಎಂಎಸ್, ಫೋನು, ಇ-ಮೇಲ್ ಅಥವಾ ಬರೆದ ಪತ್ರ, ಯಾವುದರಿಂದ ಕೇಳಿದರೂ ಫಂಡಿನ ಪಟ್ಟಿಯ ಮುದ್ರಿತ ಪ್ರತಿಯನ್ನು ಒಂದು ಪೈಸೆ ತೆಗೆದುಕೊಳ್ಳದೆ ಕಳಿಸಬೇಕು. ವಾರ್ಷಿಕ ವರದಿ ಕಾಗದದಲ್ಲಿ ಬೇಕೆಂದೂ ಬರೆಯಬಹುದು. ದಿನದ ಎನ್‌ಎವಿಯನ್ನು ಎಸ್‌ಎಂಎಸ್‌ನಲ್ಲಿ ಕೇಳಬಹುದು. ಪತ್ರದಲ್ಲಿ ಹೆಸರು, ಫೋಲಿಯೊ ನಂಬರು, ಯೋಜನೆಯ ಹೆಸರು, ಸಹಿ ಇರಲಿ. ಫೋಲಿಯೊದಲ್ಲಿ ಯಾರ ಇ-ಮೇಲ್, ಯಾರ ಮೊಬೈಲ್ ನಂಬರು ಇದೆ ಎಂಬುದನ್ನೂ ಅದೇ ಪತ್ರದಲ್ಲಿ ವಿಚಾರಿಸಿ. ಹೆಚ್ಚಿನ ಫಂಡುಗಳ ದಾಖಲೆ ಇಟ್ಟುಕೊಳ್ಳುವ ಕ್ಯಾಮ್ಸ್, ಕೆಫಿನ್‌ಟೆಕ್ ಎರಡರ ಸೇವಾ ಕೇಂದ್ರಗಳೂ ಹುಬ್ಬಳ್ಳಿಯಲ್ಲಿವೆ, ವಿಳಾಸ ತಿದ್ದಿಸಲು ಅಲ್ಲಿಗೇ ಹೋಗಬಹುದು. ಕೇಳಿದರೂ ಕಳಿಸದಿದ್ದರೆ ಸೆಬಿಯ ‘ಸ್ಕೋರ್ಸ್’ನಲ್ಲಿ ದೂರು ಕೊಡಿ, 21 ದಿನದೊಳಗೆ ಅದಕ್ಕೆ ಕ್ರಮ ಆಗಬೇಕು. ಇಲ್ಲಿರುವ ನಿವೃತ್ತ ಮಾಸ್ತರರು ನಾಲ್ಕು ಜನ ಸೇರಿ ತಿಂಗಳಿಗೊಂದು ಸಂಜೆ ವಾಚನಾಲಯದಲ್ಲಿ ಕೂತು, ಬಂದವರಿಗೆ ಇಂಥ ಪತ್ರ ಬರೆದುಕೊಟ್ಟರೂ ಆಗುತ್ತದೆ. ಕನ್ನಡದಲ್ಲೇ ಬರೆಯಿರಿ. ಕೋರಿಕೆ ಯಾವ ಭಾಷೆಯಲ್ಲಿರಬೇಕು ಎಂದು ಆ ಸುತ್ತೋಲೆ ಹೇಳಿಲ್ಲ.